ಸುಪೀರಿಯರ್ ಸರೋವರದ ಉತ್ತರ ದಂಡೆ: ಸೆಪ್ಟೆಂಬರ್ ಹವಾಮಾನದ ಮುನ್ನೋಟವನ್ನು ಹೇಗೆ ಓದಬೇಕು?

ಮಲೆನಾಡಿಗ, ಮಿನಿಯಾಪೊಲಿಸ್ — ಆಗಸ್ಟ್ 29

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ ಜಿಲ್ಲೆಯ ಸಾಗರ ಪಟ್ಟಣದ ಸಮೀಪದ ನಮ್ಮ ಊರಿನಿಂದ ಜೂನ್‌ನಲ್ಲಿ ಬಂದ ನನ್ನ ತಂದೆ ತಾಯಿ ಅಕ್ಟೋಬರ್ ಮೊದಲ ವಾರ ಊರಿಗೆ ಹಿಂತಿರುಗುತ್ತಿದ್ದಾರೆ. ಅದಕ್ಕೆ ಮುಂಚೆ, ಸೆಪ್ಟೆಂಬರ್ ಕೊನೆಯ ವಾರಾಂತ್ಯದಲ್ಲಿ, ಅವರನ್ನು ಮಿನ್ನೆಸೋಟ ರಾಜ್ಯದಲ್ಲಿ ಸುಪೀರಿಯರ್ ಸರೋವರದ ಉತ್ತರ ದಂಡೆಯುದ್ದಕ್ಕೂ ಡುಲೂತ್‌ನಿಂದ ಗ್ರ್ಯಾಂಡ್ ಮರೆ ಪಟ್ಟಣದವರೆಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಮೇಪಲ್ ಮರಗಳು ಕೆಂಪಾಗುವುದನ್ನು ಅವರು ಒಮ್ಮೆಯಾದರೂ ಕಣ್ಣಾರೆ ನೋಡಬೇಕೆಂಬುದು ನನ್ನ ಬಹಳ ದಿನದ ಆಸೆ.

ಅಮೆರಿಕದ ಹವಾಮಾನ ಮುನ್ಸೂಚನಾ ಕೇಂದ್ರದ ಸೆಪ್ಟೆಂಬರ್ ನಕ್ಷೆಯನ್ನು ನೋಡಿದೆ. ಮಿನ್ನೆಸೋಟದ ಈಶಾನ್ಯ ಭಾಗಕ್ಕೆ ತಿಳಿ ಕಿತ್ತಳೆ ಬಣ್ಣ ಬಳಿದು, ಉಷ್ಣಾಂಶ ವಾಡಿಕೆಗಿಂತ ಹೆಚ್ಚಿರುವ ಸಾಧ್ಯತೆ ಶೇ. 40 ಎಂದು ತೋರಿಸಿದ್ದಾರೆ. ಮಳೆಯ ನಕ್ಷೆಯಲ್ಲಿ ಅದೇ ಭಾಗ ಬಿಳಿಯಾಗಿದ್ದು, ಸಮಾನ ಸಾಧ್ಯತೆ ಎಂದಿದೆ. ಇದನ್ನು ನೋಡಿ ಈ ಸಲ ಬೆಚ್ಚಗಿರುತ್ತದೆ ಎಂದು ತೀರ್ಮಾನಿಸಿ, ಹಿರಿಯರಿಗೆ ಒಂದೊಂದು ಸ್ವೆಟರ್ ಮಾತ್ರ ಹಿಡಿದು ಹೊರಟರೆ ತಪ್ಪಾಗುತ್ತದೆಯೇ? ತಂದೆಯವರಿಗೆ 76 ವರ್ಷ, ತಣ್ಣನೆಯ ಗಾಳಿ ತಾಗಿದರೆ ಎದೆ ಕಟ್ಟುತ್ತದೆ. ಅಲ್ಲಿಯೇ ನೆಲೆಸಿರುವವರು ದಯವಿಟ್ಟು ತಿಳಿಸಬೇಕು.

ಗುಡ್ಡದ ಮನೆ, ಡುಲೂತ್ — ಆಗಸ್ಟ್ 29

ನಮಸ್ಕಾರ. ನಾನು ಹತ್ತೊಂಬತ್ತು ವರ್ಷದಿಂದ ಡುಲೂತ್‌ನಲ್ಲಿದ್ದೇನೆ. ಮೊದಲ ಒಂಬತ್ತು ವರ್ಷ ನೀರಿನ ಅಂಚಿನಲ್ಲಿ ಬಾಡಿಗೆಗಿದ್ದೆ, ಈಗ ಗುಡ್ಡದ ಮೇಲೆ ಸ್ವಂತ ಮನೆಯಲ್ಲಿದ್ದೇನೆ. ಎರಡೂ ಕಡೆಯ ಸೆಪ್ಟೆಂಬರ್‌ಗಳನ್ನು ಕಂಡವನಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ತಾವು ನೋಡಿದ ನಕ್ಷೆ ತಪ್ಪಲ್ಲ, ಆದರೆ ತಮ್ಮ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಅದು ಇಡೀ ತಿಂಗಳಿಗೆ, ಇಡೀ ಸೀಮೆಗೆ ಸೇರಿದ ಮಾತು. ತಾವು ಹೋಗುತ್ತಿರುವುದು ಮೂರು ದಿನಕ್ಕೆ, ಅದೂ ನೀರಿನ ಅಂಚಿನಲ್ಲಿ ಒಂದು ಸಣ್ಣ ಪಟ್ಟಿಯಷ್ಟು ಜಾಗಕ್ಕೆ. ಆ ಪಟ್ಟಿಯಲ್ಲಿ ದಿನದ ಹವೆಯನ್ನು ನಿರ್ಧರಿಸುವುದು ಸರೋವರ ಮತ್ತು ಅಂದಿನ ಗಾಳಿಯ ದಿಕ್ಕು.

ಸರೋವರದ ಗಾತ್ರವನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಅದರ ಹರವು ಸುಮಾರು 82,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಐದರಲ್ಲಿ ಎರಡು ಪಾಲಿಗಿಂತಲೂ ಹೆಚ್ಚು. ಸರಾಸರಿ ಆಳ 147 ಮೀಟರ್, ಅತಿ ಆಳದ ಕಡೆ 406 ಮೀಟರ್. ಇಷ್ಟು ನೀರು ಬಿಸಿಯಾಗುವುದಕ್ಕೂ ತಡ, ತಣಿಯುವುದಕ್ಕೂ ತಡ. ನೆಲ ಜುಲೈನಲ್ಲಿ ಕಾದು ಆಗಸ್ಟ್ ಕೊನೆಗೆ ಇಳಿಮುಖವಾದರೆ, ಸರೋವರದ ಮೇಲ್ಪದರ ವರ್ಷದ ಗರಿಷ್ಠ ಬಿಸಿಯನ್ನು ಮುಟ್ಟುವುದೇ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ಮೊದಲಲ್ಲಿ. ಬೇಸಿಗೆಯ ಆರಂಭದಲ್ಲಿ ಇಲ್ಲಿನ ರೇಡಿಯೊ ಮುನ್ಸೂಚನೆಯಲ್ಲಿ "ಸರೋವರದ ಬಳಿ ಇನ್ನಷ್ಟು ತಂಪು" ಎಂಬ ಮಾತು ದಿನವೂ ಕೇಳಿಬರುತ್ತದೆ. ಸೆಪ್ಟೆಂಬರ್ ಮಧ್ಯಕ್ಕೆ, ರಾತ್ರಿಯ ಮಟ್ಟಿಗೆ, ಅದು ತಿರುಗುಮುರುಗಾಗುತ್ತದೆ. ಗುಡ್ಡದ ಮೇಲೆ ಗಾಜಿನ ಮೇಲೆ ಹಿಮದ ಹೊಟ್ಟು ಕುಳಿತ ಬೆಳಿಗ್ಗೆ, ಕೆಳಗೆ ದಂಡೆಯಲ್ಲಿ ಹುಲ್ಲು ಬರೀ ಒದ್ದೆಯಾಗಿರುತ್ತದೆ. ಸರೋವರದ ಮಟ್ಟ ಸಮುದ್ರದಿಂದ 183 ಮೀಟರ್ ಎತ್ತರದಲ್ಲಿದ್ದರೆ, ನಮ್ಮ ವಿಮಾನ ನಿಲ್ದಾಣ ಅದಕ್ಕಿಂತ ಸುಮಾರು 250 ಮೀಟರ್ ಮೇಲಿದೆ. ಫೋನ್‌ನಲ್ಲಿ ಡುಲೂತ್ ಎಂದು ಹುಡುಕಿದಾಗ ಕಾಣುವ ಅಂಕಿ ಬಹುತೇಕ ಆ ವಿಮಾನ ನಿಲ್ದಾಣದ್ದು. ತಾವು ತಂದೆಯವರನ್ನು ನಿಲ್ಲಿಸುವುದು ನೀರಿನ ಪಕ್ಕದಲ್ಲಿ.

ಈಗ ಗಾಳಿಯ ವಿಷಯ. ಸರೋವರ ಪೂರ್ವದಿಂದ ಪಶ್ಚಿಮಕ್ಕೆ 560 ಕಿಲೋಮೀಟರ್ ಉದ್ದವಿದ್ದು, ಪಶ್ಚಿಮದ ತುದಿಯಲ್ಲಿ ಆಲಿಕೆಯಂತೆ ಕಿರಿದಾಗುತ್ತದೆ. ಆ ಕಿರಿದಾದ ಮೂತಿಯಲ್ಲಿ ಡುಲೂತ್ ಇದೆ. ಈಶಾನ್ಯದ ಗಾಳಿ ಬೀಸಿದರೆ ನೂರಾರು ಕಿಲೋಮೀಟರ್ ನೀರಿನ ಮೇಲೆ ಸವರಿಕೊಂಡು ಬಂದ ತೇವದ ತಂಪು ನೇರವಾಗಿ ದಂಡೆಗೆ ಬಡಿಯುತ್ತದೆ. ಹಗಲಿನಲ್ಲೂ 11, 12 ಡಿಗ್ರಿ ದಾಟುವುದಿಲ್ಲ, ಜೊತೆಗೆ ತುಂತುರು. ಅದೇ ಹೊತ್ತಿಗೆ ಒಳನಾಡಿನಲ್ಲಿ 17, 18 ಡಿಗ್ರಿ ಇರಬಹುದು. ವಾಯವ್ಯದ ಗಾಳಿ ಬಂದರೆ ಆಕಾಶ ತೊಳೆದಿಟ್ಟಂತೆ ಶುಭ್ರವಾಗುತ್ತದೆ, ರಾತ್ರಿ ಚಳಿ ಕಡಿಯುತ್ತದೆ. ನೈಋತ್ಯದ ಗಾಳಿ ಬಂದ ದಿನ ಅಂಗಿಯ ತೋಳು ಮಡಿಸಿಕೊಂಡು ಓಡಾಡಬಹುದು. ಈ ಮೂರನ್ನೂ ಒಂದೇ ವಾರಾಂತ್ಯದಲ್ಲಿ ಕಂಡಿದ್ದೇನೆ.

ಆದ್ದರಿಂದ ಸ್ವೆಟರ್ ಒಂದು ಸಾಲದು. ಗಾಳಿ ನುಸುಳದ ಹೊರ ಅಂಗಿ, ಕಿವಿ ಮುಚ್ಚುವ ಟೋಪಿ, ಮಫ್ಲರ್ ಖಂಡಿತ ಇರಲಿ.

ತೋಟದಾಕೆ, ಹರ್ಮನ್‌ಟೌನ್ — ಆಗಸ್ಟ್ 30

ಗುಡ್ಡದ ಮನೆಯವರು ಹೇಳಿದ ಎರಡು ಹವೆಗಳ ಮಾತನ್ನು ನಾನು ನಷ್ಟಪಟ್ಟು ಕಲಿತಿದ್ದೇನೆ. ನಾವು ಡುಲೂತ್‌ನ ಹಿಂದಿನ ಗುಡ್ಡದ ಮೇಲಿನ ಹರ್ಮನ್‌ಟೌನ್‌ನಲ್ಲಿದ್ದೇವೆ. ಬಂದ ಮೊದಲ ವರ್ಷ ಹಿತ್ತಿಲಲ್ಲಿ ಬ್ಯಾಡಗಿ ಮೆಣಸಿನ ಗಿಡ, ಹೀರೆ, ದಂಟಿನ ಸೊಪ್ಪು, ಟೊಮೆಟೊ ಎಲ್ಲ ಹಾಕಿದ್ದೆ. ಮೆಣಸು ಹಣ್ಣಾಗಲು ಇನ್ನೊಂದು ಹತ್ತು ದಿನ ಬೇಕಿತ್ತು. ಕೆಳಗೆ ಪಾರ್ಕ್ ಪಾಯಿಂಟ್ ಮರಳದಿಬ್ಬದ ಮೇಲೆ ಮನೆ ಮಾಡಿದ್ದ ಗೆಳತಿ, ನಮ್ಮಲ್ಲಿ ಅಕ್ಟೋಬರ್ ಮಧ್ಯದವರೆಗೂ ಟೊಮೆಟೊ ಬಿಡುತ್ತದೆ ಎಂದಿದ್ದಳು. ಅವಳ ಮಾತು ಅವಳ ಹಿತ್ತಿಲಿಗೆ ಸತ್ಯವಾಗಿತ್ತು. ಆ ಸೆಪ್ಟೆಂಬರ್ ಕೊನೆಯ ವಾರದ ಒಂದು ಬೆಳಿಗ್ಗೆ ನಾನು ಬಾಗಿಲು ತೆರೆದಾಗ ಟೊಮೆಟೊ ಎಲೆಗಳು ಕುದಿನೀರಿನಲ್ಲಿ ಅದ್ದಿ ತೆಗೆದ ಬಸಳೆಯಂತೆ ಕಪ್ಪಾಗಿ ಜೋತುಬಿದ್ದಿದ್ದವು. ಮೆಣಸಿನಕಾಯಿಗಳು ಗಾಜಿನಂತೆ ಪಾರಕವಾಗಿ, ಬಿಸಿಲು ಏರುತ್ತಿದ್ದಂತೆ ಮೆತ್ತಗಾದವು.

ಇಲ್ಲಿಯವರು ಫ್ರಾಸ್ಟ್ ಎನ್ನುವುದು ಇದಕ್ಕೇ. ಗುಡ್ಡದ ಮೇಲೆ ಮೊದಲ ಫ್ರಾಸ್ಟ್ ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಬೀಳುತ್ತದೆ. ದಂಡೆಯಲ್ಲಿ ಎರಡು ಮೂರು ವಾರ ತಡ. ಇನ್ನೂ ಒಳಗೆ, ಉತ್ತರದ ಎಂಬ್ಯಾರಸ್ ಎಂಬ ಊರಿನಂಥ ತಗ್ಗು ಪ್ರದೇಶಗಳಲ್ಲಿ ಆಗಸ್ಟ್‌ನಲ್ಲೇ ಬಿದ್ದರೂ ಯಾರೂ ಆಶ್ಚರ್ಯಪಡುವುದಿಲ್ಲ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ನೆಲ ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ, ತಣಿದ ಗಾಳಿ ಭಾರವಾಗಿ ನೀರಿನಂತೆ ತಗ್ಗಿಗೆ ಹರಿದು ನಿಲ್ಲುತ್ತದೆ. ಈಗ ನಾನು ತಿಂಗಳ ನಕ್ಷೆಯ ಬದಲು ಸಂಜೆಯ ಇಬ್ಬನಿ ಬಿಂದುವನ್ನು, ಅಂದರೆ ಗಾಳಿಯ ತೇವ ಇಬ್ಬನಿಯಾಗತೊಡಗುವ ಉಷ್ಣಾಂಶವನ್ನು, ನೋಡುತ್ತೇನೆ. ಸಂಜೆ ಏಳಕ್ಕೆ ಅದು 2 ಡಿಗ್ರಿಗಿಂತ ಕೆಳಗಿದ್ದು, ಗಾಳಿ ಬಿದ್ದು, ನಕ್ಷತ್ರಗಳು ಸ್ಪಷ್ಟವಾಗಿ ಕಂಡರೆ ಹಳೆಯ ಹತ್ತಿ ಸೀರೆಗಳನ್ನು ಹೊರತೆಗೆದು ಗಿಡಗಳಿಗೆ ಹೊದಿಸುತ್ತೇನೆ. ಬೆಳಿಗ್ಗೆ ಆ ಸೀರೆಗಳು ಗಂಜಿ ಹಾಕಿ ಒಣಗಿಸಿದಂತೆ ಸೆಟೆದು ನಿಂತಿರುತ್ತವೆ, ಮಡಿಸಲು ಹೋದರೆ ಪಟಪಟನೆ ಸದ್ದು ಮಾಡುತ್ತವೆ. ಒಳಗಿನ ಗಿಡ ಹಸಿರಾಗಿರುತ್ತದೆ. ಪ್ಲಾಸ್ಟಿಕ್ ಹೊದಿಸಿದರೆ ಅದು ತಾಗಿದ ಎಲೆಯೆಲ್ಲ ಸುಡುತ್ತದೆ ಎಂಬುದನ್ನೂ ಜೊತೆಗೇ ಹೇಳಿಬಿಡುತ್ತೇನೆ.

ಮಲೆನಾಡಿಗರೇ, ನಿಮ್ಮ ತಾಯಿಯವರಿಗೆ ಗಿಡಗಳ ಆಸಕ್ತಿ ಇದ್ದರೆ ದಾರಿಯಲ್ಲಿ ನಮ್ಮ ಮನೆಗೆ ಬನ್ನಿ. ಹೀರೆಕಾಯಿ ಇನ್ನೂ ಇದೆ.

ಸಂಶೋಧನಾ ವಿದ್ಯಾರ್ಥಿ, ಹೋಟನ್ — ಆಗಸ್ಟ್ 30

ನಾನು ಸರೋವರದ ದಕ್ಷಿಣ ದಂಡೆಯ ಕಡೆ, ಮಿಷಿಗನ್‌ನ ಕೀವಿನಾ ಪರ್ಯಾಯ ದ್ವೀಪದ ಹೋಟನ್‌ನಲ್ಲಿ ಓದುತ್ತಿದ್ದೇನೆ. ಶೇ. 40 ಎಂಬ ಅಂಕಿಯನ್ನು ಹಲವರು ತಪ್ಪಾಗಿ ಓದುವುದನ್ನು ಕಂಡಿರುವುದರಿಂದ ಅದನ್ನು ಬಿಡಿಸಿ ಹೇಳುವುದು ಒಳ್ಳೆಯದೆನಿಸುತ್ತದೆ.

1991ರಿಂದ 2020ರವರೆಗಿನ ಮೂವತ್ತು ಸೆಪ್ಟೆಂಬರ್‌ಗಳನ್ನು ಮೂವತ್ತು ಚೀಟಿಗಳಲ್ಲಿ ಬರೆದು ಒಂದು ಡಬ್ಬಿಗೆ ಹಾಕಿದ್ದೇವೆ ಎಂದುಕೊಳ್ಳೋಣ. ಅವುಗಳಲ್ಲಿ ಹೆಚ್ಚು ಬೆಚ್ಚಗಿದ್ದ ಹತ್ತು ವಾಡಿಕೆಗಿಂತ ಹೆಚ್ಚು, ನಡುವಿನ ಹತ್ತು ವಾಡಿಕೆ, ತಣ್ಣಗಿದ್ದ ಹತ್ತು ವಾಡಿಕೆಗಿಂತ ಕಡಿಮೆ. ಏನೂ ಗೊತ್ತಿಲ್ಲದಿದ್ದರೆ ಮೂರಕ್ಕೂ ಸಮಾನ ಅವಕಾಶ. ಮಳೆಯ ನಕ್ಷೆಯ ಬಿಳಿ ಬಣ್ಣ ಹೇಳುವುದು ಅಷ್ಟನ್ನೇ. ವಾಡಿಕೆಯಷ್ಟು ಮಳೆ ಬರುತ್ತದೆ ಎಂದು ಅದರ ಅರ್ಥವಲ್ಲ. ಇನ್ನು ಕಿತ್ತಳೆ ಬಣ್ಣದ ಶೇ. 40 ಎಂದರೆ, ಡಬ್ಬಿಯಲ್ಲಿ ಈಗ ಬೆಚ್ಚಗಿನ ಚೀಟಿಗಳು ಹನ್ನೆರಡು, ವಾಡಿಕೆಯವು ಹತ್ತು, ತಣ್ಣನೆಯವು ಎಂಟು. ಕೈ ಹಾಕಿದಾಗ ಆ ಎಂಟರಲ್ಲೊಂದು ಬರುವುದು ಅಪರೂಪವೇನಲ್ಲ. ಅದೂ ಅಲ್ಲದೆ ಚೀಟಿಯಲ್ಲಿ ಬರೆದಿರುವುದು ತಿಂಗಳ ಸರಾಸರಿ. ಮೊದಲ ಇಪ್ಪತ್ತು ದಿನ ಸೆಕೆಯಿದ್ದು, ಕೊನೆಯ ವಾರ ಥರಗುಟ್ಟಿಸಿದರೂ ಸರಾಸರಿ ವಾಡಿಕೆಗಿಂತ ಹೆಚ್ಚೇ ಇರಬಹುದು.

ಗಾಳಿಯ ದಿಕ್ಕಿನ ಬಗ್ಗೆ ನಮ್ಮ ಕಡೆಯ ಒಂದು ಮಾತು. ವಾಯವ್ಯದ ತಣ್ಣನೆಯ ಗಾಳಿ ಉತ್ತರ ದಂಡೆಯನ್ನು ಬಿಟ್ಟು ಬೆಚ್ಚಗಿನ ನೀರಿನ ಮೇಲೆ ಬಂದಾಗ ಕೆಳಗಿನಿಂದ ಬಿಸಿ ಮತ್ತು ತೇವವನ್ನು ಹೀರಿಕೊಂಡು ಮೋಡವಾಗಿ, ನಮ್ಮ ದಂಡೆಯ ಗುಡ್ಡಗಳಿಗೆ ತಾಗಿ ಸುರಿಯುತ್ತದೆ. ನೀರಿನ ಮೇಲ್ಮೈಗೂ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದ ಗಾಳಿಗೂ 13 ಡಿಗ್ರಿಯಷ್ಟು ಅಂತರ ಬಂದರೆ ಇದು ಶುರುವಾಗುತ್ತದೆ ಎಂಬುದು ಮುನ್ಸೂಚಕರ ಹಳೆಯ ಲೆಕ್ಕ. ಚಳಿಗಾಲದಲ್ಲಿ ಇದೇ ಕ್ರಿಯೆ ನಮಗೆ ಹಿಮ ಸುರಿಸುತ್ತದೆ. 1978–79ರ ಚಳಿಗಾಲದಲ್ಲಿ ಪಕ್ಕದ ಕೀವಿನಾ ಜಿಲ್ಲೆಯಲ್ಲಿ ಒಟ್ಟು 390 ಇಂಚು, ಅಂದರೆ ಸುಮಾರು 10 ಮೀಟರ್ ಹಿಮ ಬಿದ್ದ ದಾಖಲೆಯಿದೆ. ಸೆಪ್ಟೆಂಬರ್‌ನಲ್ಲಿ ಅದು ಮಳೆಯಾಗಿ, ಕೆಲವೊಮ್ಮೆ ಸಾಬಕ್ಕಿಯಂಥ ಬಿಳಿ ಕಾಳುಗಳಾಗಿ ಬೀಳುತ್ತದೆ. ಹಾಗಾಗಿ ನಮಗೆ ಜಡಿಮಳೆ ತರುವ ಗಾಳಿಯೇ ನಿಮಗೆ ಗ್ರ್ಯಾಂಡ್ ಮರೆಯಲ್ಲಿ ನೀಲಿ ಆಕಾಶ ಕೊಡುತ್ತದೆ. ಒಂದೇ ಸರೋವರದ ಎರಡು ದಂಡೆಗಳಿಗೆ ಒಂದೇ ಮುನ್ನೋಟ ಹೊಂದುವುದಿಲ್ಲ.

ಓದುಗ, ಶಿವಮೊಗ್ಗ — ಆಗಸ್ಟ್ 31

ಇಲ್ಲಿ ನಾವು ಎಲ್ ನಿನೊ, ಲಾ ನಿನಾ (ಪೆಸಿಫಿಕ್ ಸಾಗರದ ನೀರು ವಾಡಿಕೆಗಿಂತ ಕಾಯುವುದು, ತಣಿಯುವುದು) ಎಂದು ಮುಂಗಾರಿಗೆ ಕಾತರದಿಂದ ಕಾಯುತ್ತೇವೆ. ಅವೇ ಅಲ್ಲಿನ ಶರತ್ಕಾಲವನ್ನೂ ಆಳುತ್ತವೆಯೇ? 2023ರಲ್ಲಿ ನಮ್ಮಲ್ಲಿ ಬರ ಘೋಷಣೆಯಾಗಿತ್ತು. ಆ ವರ್ಷ ಅಲ್ಲಿ ಹೇಗಿತ್ತು?

ಸಂಶೋಧನಾ ವಿದ್ಯಾರ್ಥಿ, ಹೋಟನ್ — ಆಗಸ್ಟ್ 31

ಒಳ್ಳೆಯ ಪ್ರಶ್ನೆ, ಸರ್. ಸಂಬಂಧವಿದೆ, ಆದರೆ ಕಾಲ ಬೇರೆ. 2023ರ ಎಲ್ ನಿನೊ ವರ್ಷದ ಆಗಸ್ಟ್ ಭಾರತದಲ್ಲಿ 1901ರಿಂದೀಚೆಗೆ ಅತ್ಯಂತ ಒಣ ಆಗಸ್ಟ್ ಆಗಿತ್ತು. ಅದೇ ಎಲ್ ನಿನೊ ನಮ್ಮನ್ನು ಮುಟ್ಟಿದ್ದು ಚಳಿಗಾಲದಲ್ಲಿ. 2023–24ರ ಚಳಿಗಾಲ ಮಿನ್ನೆಸೋಟದ ದಾಖಲೆಯಲ್ಲೇ ಅತ್ಯಂತ ಬೆಚ್ಚಗಿನದಾಗಿ, ಉತ್ತರ ದಂಡೆಯಲ್ಲಿ ಪ್ರತಿವರ್ಷ ನಡೆಯುವ ನಾಯಿಬಂಡಿಗಳ ಬೇರ್‌ಗ್ರೀಸ್ ಓಟವನ್ನು ಹಿಮವಿಲ್ಲದೆ ರದ್ದುಮಾಡಬೇಕಾಯಿತು. ಸೆಪ್ಟೆಂಬರ್ ಮಟ್ಟಿಗೆ ಪೆಸಿಫಿಕ್ ಸಾಗರದ ಪ್ರಭಾವ ಇಲ್ಲಿ ತೀರ ದುರ್ಬಲ. ಈ ತಿಂಗಳ ನಕ್ಷೆಗಳಲ್ಲಿ ಕಿತ್ತಳೆ ಬಣ್ಣ ಪದೇಪದೇ ಕಾಣಿಸುವುದಕ್ಕೆ ಮುಖ್ಯ ಕಾರಣ ಕಳೆದ ದಶಕಗಳಲ್ಲಿ ತಾಪಮಾನ ಏರುತ್ತಲೇ ಬಂದಿರುವುದು. ಸುಪೀರಿಯರ್‌ನ ಬೇಸಿಗೆಯ ಮೇಲ್ಪದರ 1979ರಿಂದ 2006ರ ನಡುವೆ ಸುಮಾರು 2.5 ಡಿಗ್ರಿ ಬೆಚ್ಚಗಾಗಿದೆ. ಸುತ್ತಲಿನ ಗಾಳಿಗಿಂತ ಅದು ವೇಗವಾಗಿ ಕಾಯುತ್ತಿದೆ. ಚಳಿಗಾಲದ ಮಂಜುಗಡ್ಡೆ ಕಡಿಮೆಯಾದಷ್ಟೂ ವಸಂತದಲ್ಲಿ ನೀರು ಬೇಗನೆ ಕಾಯಲಾರಂಭಿಸುತ್ತದೆ.

ದಕ್ಷಿಣ ದಂಡೆ, ಶಿಕಾಗೊ — ಸೆಪ್ಟೆಂಬರ್ 2

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಇಷ್ಟೆಲ್ಲ ಗೊಂದಲವೇಕೆ? ನನ್ನ ಫೋನ್‌ನ ಆ್ಯಪ್ ಈಗಲೇ ಸೆಪ್ಟೆಂಬರ್ 27ಕ್ಕೆ ಡುಲೂತ್‌ನಲ್ಲಿ ಬಿಸಿಲು, 21 ಡಿಗ್ರಿ ಎಂದು ತೋರಿಸುತ್ತಿದೆ. ನಾವೂ ಮಿಷಿಗನ್ ಸರೋವರದ ದಂಡೆಯಲ್ಲೇ ಇದ್ದೇವೆ. ಸೆಪ್ಟೆಂಬರ್‌ನಲ್ಲಿ ಮಕ್ಕಳು ನೀರಿಗಿಳಿಯುತ್ತಾರೆ. ಅಲ್ಲಿಯೂ ಹಾಗೆಯೇ ಇರಬಹುದಲ್ಲವೇ?

ಗುಡ್ಡದ ಮನೆ, ಡುಲೂತ್ — ಸೆಪ್ಟೆಂಬರ್ 2

ದಯವಿಟ್ಟು ಹಾಗೆ ತಿಳಿಯಬೇಡಿ. ಇದನ್ನು ಸ್ವಲ್ಪ ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಇದು ಬಟ್ಟೆಬರೆಯ ಪ್ರಶ್ನೆಯಷ್ಟೇ ಅಲ್ಲ.

ಇಪ್ಪತ್ತೈದು ದಿನ ಮುಂದಿನ ಒಂದು ನಿರ್ದಿಷ್ಟ ದಿನಕ್ಕೆ ಬಿಸಿಲು, 21 ಡಿಗ್ರಿ ಎಂದು ಹೇಳುವ ವಿದ್ಯೆ ಯಾರ ಬಳಿಯೂ ಇಲ್ಲ. ದಿನದಿನದ ಹವೆಯನ್ನು ಹೆಚ್ಚೆಂದರೆ ಎರಡು ವಾರದವರೆಗೆ ಅಂದಾಜಿಸಬಹುದು, ನಾನಂತೂ ಏಳು ದಿನದಾಚೆಗೆ ಗಾಳಿಯ ದಿಕ್ಕನ್ನು ನಂಬುವುದಿಲ್ಲ. ಹವಾಮಾನ ಕೇಂದ್ರದವರು ಇದನ್ನು ಬಲ್ಲವರಾದ್ದರಿಂದಲೇ ಆರರಿಂದ ಹತ್ತು ದಿನ, ಎಂಟರಿಂದ ಹದಿನಾಲ್ಕು ದಿನ ಎಂದು ಗುಂಪುಮಾಡಿ ಸಾಧ್ಯತೆಯನ್ನಷ್ಟೇ ಹೇಳುತ್ತಾರೆ.

ಇನ್ನು ನೀರಿನ ವಿಷಯ. ಶಿಕಾಗೊದ ಬಳಿಯ ಮಿಷಿಗನ್ ಸರೋವರ ನಮ್ಮದಕ್ಕಿಂತ ಐದು ಅಕ್ಷಾಂಶ ದಕ್ಷಿಣಕ್ಕಿದೆ. ಅಲ್ಲಿ ಸೆಪ್ಟೆಂಬರ್‌ನಲ್ಲಿ ನೀರು 20 ಡಿಗ್ರಿಯ ಆಸುಪಾಸಿನಲ್ಲಿರಬಹುದು. ಇಲ್ಲಿ ಬೆಚ್ಚಗಿರುವುದು ಮೇಲಿನ ಒಂದು ತೆಳುಪದರ ಮಾತ್ರ, ಅದರ ಕೆಳಗೆ ವರ್ಷವಿಡೀ 4 ಡಿಗ್ರಿಯ ನೀರು. ನೈಋತ್ಯದ ಗಾಳಿ ದಂಡೆಯುದ್ದಕ್ಕೂ ಎರಡು ದಿನ ಬಲವಾಗಿ ಬೀಸಿದರೆ, ಭೂಮಿಯ ಭ್ರಮಣದ ಕಾರಣ ಮೇಲಿನ ಬೆಚ್ಚನೆಯ ನೀರು ಗಾಳಿಯ ಬಲಕ್ಕೆ, ಅಂದರೆ ಉತ್ತರ ದಂಡೆಯಿಂದ ದೂರಕ್ಕೆ ಸರಿದು, ಆಳದ ತಣ್ಣೀರು ಮೇಲೇಳುತ್ತದೆ. ನಿನ್ನೆ ಕಾಲಿಟ್ಟು ಹಿತವೆನಿಸಿದ ನೀರು ಇವತ್ತು ಮೂಳೆ ಕೊರೆಯುತ್ತದೆ. ಗಾಳಿ ಬೆಚ್ಚಗಿರುವ ದಿನವೇ ನೀರು ಅತ್ಯಂತ ತಣ್ಣಗಿರುವುದನ್ನು ಹೊಸಬರು ಊಹಿಸುವುದೇ ಇಲ್ಲ.

ಈಶಾನ್ಯದ ಗಾಳಿಯ ದಿನ ಇನ್ನೊಂದು ಅಪಾಯ. ಪಾರ್ಕ್ ಪಾಯಿಂಟ್ ಮರಳಿನಲ್ಲಿ ದಂಡೆಯಿಂದ ಒಳಕ್ಕೆಳೆಯುವ ಸೆಳೆತ ಹುಟ್ಟುತ್ತದೆ. ಅಲ್ಲಿ ಹಸಿರು, ಹಳದಿ, ಕೆಂಪು ಬಾವುಟಗಳ ವ್ಯವಸ್ಥೆಯಿದೆ, ಕೆಂಪು ಇದ್ದರೆ ನೀರಿಗೆ ಇಳಿಯಲೇಬಾರದು. ಉತ್ತರ ದಂಡೆಯ ಕಪ್ಪು ಬಂಡೆಗಳು ಪುರಾತನ ಲಾವಾ, ಒದ್ದೆಯಾದರೆ ಪಾಚಿಗಟ್ಟಿದ ಮೆಟ್ಟಿಲಿಗಿಂತ ಜಾರುತ್ತವೆ. ಏಳೆಂಟು ಅಲೆ ಸಣ್ಣದಾಗಿ ಬಂದು ಒಂಬತ್ತನೆಯದು ಬಂಡೆಯ ನೆತ್ತಿಗೆ ಹಾರುವುದನ್ನು ನಾನೇ ಕಂಡಿದ್ದೇನೆ. ಸ್ಪ್ಲಿಟ್ ರಾಕ್ ದೀಪಸ್ತಂಭವನ್ನು 1910ರಲ್ಲಿ ಕಟ್ಟಿದ್ದಕ್ಕೆ ಕಾರಣವೇ 1905ರ ನವೆಂಬರ್‌ನ ಬಿರುಗಾಳಿಯಲ್ಲಿ ಹಲವು ಹಡಗುಗಳು ಹಾಳಾದದ್ದು. ನವೆಂಬರ್‌ನ ಬಿರುಗಾಳಿಗಳು ಹೆಸರುವಾಸಿ, ನಿಜ. ಆದರೆ ನೀರು ಬೆಚ್ಚಗಿದ್ದು ಗಾಳಿ ತಣ್ಣಗಾಗತೊಡಗುವ ಸೆಪ್ಟೆಂಬರ್ ಕೊನೆಯಿಂದಲೇ ಮೇಲಿನ ವೇಗದ ಗಾಳಿ ಸುಲಭವಾಗಿ ಕೆಳಗಿಳಿಯುತ್ತದೆ. ಮಲೆನಾಡಿಗರೇ, ಹಿರಿಯರನ್ನು ದೀಪಸ್ತಂಭದ ಆವರಣದಲ್ಲಿ, ಗೂಸ್‌ಬೆರಿ ಜಲಪಾತದ ಸಮತಟ್ಟಾದ ದಾರಿಯಲ್ಲಿ ನಡೆಸಿ, ಬಂಡೆಗಳ ಅಂಚಿಗೆ ಬೇಡ.

ಮಲೆನಾಡಿಗ, ಮಿನಿಯಾಪೊಲಿಸ್ — ಸೆಪ್ಟೆಂಬರ್ 3

ಎಲ್ಲರಿಗೂ ಕೃತಜ್ಞತೆಗಳು. ಇವನ್ನೆಲ್ಲ ರಾತ್ರಿ ಊಟದ ನಂತರ ತಂದೆಯವರಿಗೆ ಓದಿ ಹೇಳಿದೆ. ಅವರು ಪಂಚಾಂಗ ತೆರೆದು, ಈಗ ಊರಲ್ಲಿ ಹುಬ್ಬೆ ಮಳೆ ನಡೆಯುತ್ತಿದೆ, ಹದಿಮೂರರ ಹೊತ್ತಿಗೆ ಉತ್ತರೆ, ತಿಂಗಳ ಕೊನೆಗೆ ಹಸ್ತ ಎಂದು ಎಣಿಸಿದರು. ಪ್ರತಿ ಮಳೆ ನಕ್ಷತ್ರಕ್ಕೂ ಹದಿಮೂರು ಹದಿನಾಲ್ಕು ದಿನ. ಅಡಿಕೆಗೆ ಔಷಧಿ ಹೊಡೆಯುವ ದಿನವನ್ನು ಮಾತ್ರ ನಕ್ಷತ್ರ ನೋಡಿ ಯಾವತ್ತೂ ಗೊತ್ತುಮಾಡಲಿಲ್ಲ, ಅಂದು ಬೆಳಿಗ್ಗೆ ಗುಡ್ಡದ ನೆತ್ತಿಯ ಮೋಡವನ್ನೇ ನೋಡಿದೆವು ಎಂದರು. ಇಲ್ಲಿ ಮೋಡದ ಬದಲು ಗಾಳಿಯನ್ನು ನೋಡಬೇಕು ಎಂಬುದು ಅವರಿಗೆ ನನಗಿಂತ ಬೇಗ ಅರ್ಥವಾಯಿತು.

ಇನ್ನೊಂದು ಪ್ರಶ್ನೆ. ಎಲೆಯ ಬಣ್ಣ ಆ ವಾರಾಂತ್ಯಕ್ಕೆ ಬಂದಿರುತ್ತದೆಯೇ? ತಿಂಗಳು ಬೆಚ್ಚಗಿದ್ದರೆ ತಡವಾಗುತ್ತದೆಯೇ?

ತೋಟದಾಕೆ, ಹರ್ಮನ್‌ಟೌನ್ — ಸೆಪ್ಟೆಂಬರ್ 4

ಬಣ್ಣದಲ್ಲೂ ಎರಡು ಕಂತು. ದಂಡೆಯಿಂದ ಕೆಲವು ಕಿಲೋಮೀಟರ್ ಒಳಗಿನ ಏರಿನ ಮೇಲೆ ಸಕ್ಕರೆ ಮೇಪಲ್ ಕಾಡಿದೆ, ಅದು ಸೆಪ್ಟೆಂಬರ್ ಕೊನೆಯ ವಾರ ಕೆಂಪು ಕಿತ್ತಳೆಯಾಗಿ ತುಂಬಿ ನಿಲ್ಲುತ್ತದೆ. ದಂಡೆಯ ಬರ್ಚ್ ಮತ್ತು ಆ್ಯಸ್ಪೆನ್ ಮರಗಳು ಹಳದಿಯಾಗುವುದು ಅಕ್ಟೋಬರ್‌ನಲ್ಲಿ. ಹಾಗಾಗಿ ಹೆದ್ದಾರಿಯಲ್ಲಿ ಮಾತ್ರ ಹೋಗಿ, ಇನ್ನೂ ಹಸಿರಾಗಿದೆಯಲ್ಲ ಎಂದು ಬೇಸರದಿಂದ ಮರಳುವವರು ಬಹಳ ಮಂದಿ. ಟೋಫ್ಟಿ ಊರಿನಿಂದ ಮೇಲಕ್ಕೆ ಹೋಗುವ ಸಾಬಿಲ್ ರಸ್ತೆಯಲ್ಲಿ ಹತ್ತು ನಿಮಿಷ ಏರಿದರೆ ಬೇರೆಯೇ ಕಾಡು.

ಹಗಲು ಕಡಿಮೆಯಾಗುವುದು ಮರಕ್ಕೆ ಮುಖ್ಯ ಸೂಚನೆ. ಈ ಅಕ್ಷಾಂಶದಲ್ಲಿ ಸೆಪ್ಟೆಂಬರ್‌ನಲ್ಲಿ ದಿನಕ್ಕೆ ಮೂರು ನಿಮಿಷಕ್ಕೂ ಹೆಚ್ಚು ಬೆಳಕು ಕಡಿಮೆಯಾಗುತ್ತಾ ಹೋಗುತ್ತದೆ, ಆದ್ದರಿಂದ ಬೆಚ್ಚಗಿದ್ದರೂ ಕೆಲವು ದಿನವಷ್ಟೇ ಹಿಂದೆಮುಂದೆ. ಕೆಂಪು ಗಾಢವಾಗುವುದಕ್ಕೆ ಮಾತ್ರ ಬಿಸಿಲಿನ ಹಗಲು, ಹೆಪ್ಪುಗಟ್ಟದಷ್ಟು ತಣ್ಣನೆಯ ರಾತ್ರಿ ಬೇಕು. ಆಗ ಎಲೆಯಲ್ಲಿ ಉಳಿದ ಸಕ್ಕರೆಯಿಂದ ಕೆಂಪು ವರ್ಣದ್ರವ್ಯ ಹುಟ್ಟುತ್ತದೆ. ಹಳದಿ ಮೊದಲಿನಿಂದಲೂ ಎಲೆಯಲ್ಲಿ ಇದ್ದದ್ದೇ, ಹಸಿರು ಕರಗಿದ ಮೇಲೆ ಕಾಣುತ್ತದೆ. ಬಣ್ಣ ಬಂದ ಮೇಲೆ ಒಂದೇ ಒಂದು ರಾತ್ರಿಯ ಬಿರುಗಾಳಿ ಎಲ್ಲವನ್ನೂ ನೆಲಕ್ಕೆ ಕೆಡವಬಹುದು. ನನಗೆ ಹೆಚ್ಚು ಭಯವಿರುವುದು ಅದರದ್ದೇ.

ಗುಡ್ಡದ ಮನೆ, ಡುಲೂತ್ — ಸೆಪ್ಟೆಂಬರ್ 16

ಸಣ್ಣ ಸುದ್ದಿ. ನಿನ್ನೆ ರಾತ್ರಿ ಗಾಳಿ ನೈಋತ್ಯದಿಂದ ವಾಯವ್ಯಕ್ಕೆ ತಿರುಗಿತು. ಬೆಳಿಗ್ಗೆ ಇಲ್ಲಿನ ಗಿಡುಗ ನೋಡುವ ಗುಡ್ಡವಾದ ಹಾಕ್ ರಿಡ್ಜ್‌ಗೆ ಹೋದರೆ ಗಿಡುಗಗಳು ಬಾಣಲೆಯಲ್ಲಿ ಕುದಿಯುವ ಸಾಸಿವೆಯಂತೆ ಆಕಾಶದಲ್ಲಿ ಸುತ್ತುತ್ತಿದ್ದವು. ಕೆನಡಾದ ಕಾಡುಗಳಿಂದ ದಕ್ಷಿಣ ಅಮೆರಿಕದ ಕಡೆಗೆ ಹೊರಟ ಅಗಲರೆಕ್ಕೆಯ ಗಿಡುಗಗಳು ಇವು. ತಣ್ಣನೆಯ ನೀರಿನ ಮೇಲೆ ಏರುಗಾಳಿ ಸಿಗದ ಕಾರಣ ಸರೋವರವನ್ನು ದಾಟದೆ ದಂಡೆಯುದ್ದಕ್ಕೂ ಬಂದು ನಮ್ಮ ಗುಡ್ಡದ ಮೇಲೆ ಸಾಲುಗಟ್ಟುತ್ತವೆ. 2003ರ ಸೆಪ್ಟೆಂಬರ್ 15ರಂದು ಒಂದೇ ದಿನ ಇಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಎಣಿಸಿದ್ದಾರೆ. ಶರತ್ಕಾಲ ನೆಲಕ್ಕಿಳಿದದ್ದನ್ನು ನಾನು ತಿಳಿಯುವುದು ಇವುಗಳಿಂದಲೇ.

ಮುಂದಿನ ವಾರಾಂತ್ಯದ ಬಗ್ಗೆ ಇನ್ನೂ ಏನೂ ಹೇಳಲಾರೆ. 22ರ ನಂತರ ಬರೆಯುತ್ತೇನೆ.

ಗುಡ್ಡದ ಮನೆ, ಡುಲೂತ್ — ಸೆಪ್ಟೆಂಬರ್ 23

ಮಲೆನಾಡಿಗರೇ, ಈಗ ಹೇಳಬಹುದು. ಶುಕ್ರವಾರ ಕಡಿಮೆ ಒತ್ತಡದ ಪ್ರದೇಶವೊಂದು ನಮ್ಮ ದಕ್ಷಿಣಕ್ಕೆ ಹಾದುಹೋಗುವ ಲಕ್ಷಣವಿದೆ. ಅದು ದಕ್ಷಿಣಕ್ಕೆ ಹೋದರೆ ನಮಗೆ ಈಶಾನ್ಯದ ಗಾಳಿ, ತುಂತುರು, ಎತ್ತರದ ಅಲೆ. ಅದು ದಾಟಿದ ಮೇಲೆ ಶನಿವಾರ ವಾಯವ್ಯದ ಗಾಳಿ. ಶುಕ್ರವಾರವನ್ನು ಡುಲೂತ್‌ನ ಒಳಾಂಗಣಕ್ಕೆ ಮೀಸಲಿಡಿ, ಮೇಪಲ್ ಕಾಡನ್ನು ಶನಿವಾರಕ್ಕೆ ಇಟ್ಟುಕೊಳ್ಳಿ. ಸರೋವರದಲ್ಲಿ ತೇಲಿಬಿಟ್ಟಿರುವ ಮಾಪಕ ಇಂದು ನೀರು 14 ಡಿಗ್ರಿ ಎಂದು ತೋರಿಸುತ್ತಿದೆ.

ಮಲೆನಾಡಿಗ, ಮಿನಿಯಾಪೊಲಿಸ್ — ಸೆಪ್ಟೆಂಬರ್ 30

ಹೋಗಿ ಸುಖವಾಗಿ ಬಂದೆವು. ಕಂಡದ್ದನ್ನು ಕಂಡಂತೆ ಬರೆಯುತ್ತೇನೆ, ಮುಂದಿನವರಿಗೆ ಉಪಯೋಗವಾಗಲಿ.

ಶುಕ್ರವಾರ ಮಧ್ಯಾಹ್ನ ಗುಡ್ಡದ ನೆತ್ತಿಯಿಂದ ಡುಲೂತ್ ಕಡೆಗೆ ಇಳಿಯುವಾಗ ಕಾರಿನ ಮಾಪಕ ಮೇಲೆ 14 ತೋರಿಸಿದ್ದು ಕೆಳಗೆ ಬರುವಷ್ಟರಲ್ಲಿ 11ಕ್ಕೆ ಬಂತು. ಹಡಗುಗಳಿಗೆ ದಾರಿಬಿಡಲು ಮೇಲೇರುವ ಸೇತುವೆಯ ಬಳಿ ಐದು ನಿಮಿಷ ನಿಂತೆವು. ಕಾಲುವೆಯ ಗೋಡೆಗೆ ಅಲೆ ಬಡಿದು ಹಾರಿದ ನೀರು ತಾಯಿಯವರ ಕನ್ನಡಕದ ಮೇಲೆ ಸಾಲುಸಾಲಾಗಿ ಕುಳಿತಿತ್ತು. ಅವರು ನಾಲಿಗೆಯ ತುದಿಗೆ ತಾಗಿಸಿ, ಇಷ್ಟು ದೊಡ್ಡ ನೀರು, ಉಪ್ಪೇ ಇಲ್ಲವಲ್ಲ ಎಂದು ಮತ್ತೆ ಮತ್ತೆ ಹೇಳಿದರು. ತಂದೆಯವರು ಮಫ್ಲರ್ ಸುತ್ತಿಕೊಂಡು ಕಾರಿನೊಳಗೇ ಕುಳಿತರು. ತಿಂಗಳ ನಕ್ಷೆಯನ್ನು ನಂಬಿ ಬಂದಿದ್ದರೆ ಆ ಮಫ್ಲರ್ ಇರುತ್ತಿರಲಿಲ್ಲ. ಸಂಜೆ ತೋಟದಾಕೆ ಅಕ್ಕನವರ ಮನೆಯಲ್ಲಿ ಬಿಸಿ ಅನ್ನ, ಹೀರೆಕಾಯಿ ಹುಳಿ. ಅವರ ಉಪಕಾರವನ್ನು ಮರೆಯುವುದಿಲ್ಲ.

ಶನಿವಾರ ಬೆಳಿಗ್ಗೆ ಟೋಫ್ಟಿಯಲ್ಲಿ ಎದ್ದಾಗ ಗಾಳಿ ತಿರುಗಿ ಆಕಾಶ ತಿಳಿಯಾಗಿತ್ತು. ಏಳೂವರೆಗೆ ನೀರಿನ ಪಕ್ಕ 8 ಡಿಗ್ರಿ. ಸಾಬಿಲ್ ರಸ್ತೆಯಲ್ಲಿ ಆರು ಕಿಲೋಮೀಟರ್ ಮೇಲೇರಿದಾಗ 1 ಡಿಗ್ರಿ. ತಿರುವಿನ ತಗ್ಗಿನಲ್ಲಿ ಹುಲ್ಲಿನ ಪ್ರತಿ ಎಸಳಿನ ಅಂಚಿನಲ್ಲೂ ಸಕ್ಕರೆ ಉದುರಿಸಿದಂತೆ ಬಿಳಿ. ಅದರ ಮೇಲೆ ಕೆಂಪು ಮೇಪಲ್ ಎಲೆಗಳು ಬಿದ್ದಿದ್ದವು. ತಾಯಿಯವರು ಒಂದನ್ನು ಎತ್ತಿದಾಗ ಹಿಮದ ಪುಡಿ ಅವರ ಬೆರಳಿನ ಬಿಸಿಗೆ ಕರಗಿ ನೀರಾಯಿತು. ಶುಕ್ರವಾರದ ಗಾಳಿಗೆ ಕಾಲು ಭಾಗದಷ್ಟು ಎಲೆ ಉದುರಿತ್ತು, ಉಳಿದದ್ದೇ ನಮಗೆ ಕಣ್ತುಂಬುವಷ್ಟಿತ್ತು. ಅರ್ಧ ಗಂಟೆ ಯಾರೂ ಮಾತಾಡಲಿಲ್ಲ.

ಭಾನುವಾರ ಗಾಳಿ ನೈಋತ್ಯಕ್ಕೆ ಬಂದು ಮಧ್ಯಾಹ್ನ 20 ಡಿಗ್ರಿಯಾಯಿತು. ತಂದೆಯವರು ಸ್ವೆಟರ್ ತೆಗೆದು ಗ್ರ್ಯಾಂಡ್ ಮರೆಯ ಬಂದರಿನ ಬೆಂಚಿನ ಮೇಲೆ ಎಳೆಬಿಸಿಲಿಗೆ ಬೆನ್ನುಕೊಟ್ಟು ಕುಳಿತರು. ಅಲ್ಲಿ ಅವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ, ನಿಮ್ಮ ಮುಂದಿಡುತ್ತಿದ್ದೇನೆ: ಇಷ್ಟು ನೀರು ಹಿಡಿದಿಟ್ಟುಕೊಂಡ ಬೇಸಿಗೆಯ ಬಿಸಿ ಯಾವಾಗ ಪೂರ್ತಿ ಖಾಲಿಯಾಗುತ್ತದೆ?

ಸಂಶೋಧನಾ ವಿದ್ಯಾರ್ಥಿ, ಹೋಟನ್ — ಸೆಪ್ಟೆಂಬರ್ 30

ನಿಮಗೆ ತಿಳಿ ಆಕಾಶವಿದ್ದ ಆ ಶನಿವಾರ ಇಲ್ಲಿ ಹಗಲಿಡೀ ಬಿಟ್ಟುಬಿಟ್ಟು ಮಳೆ ಸುರಿಯಿತು, ಸಂಜೆ ಐದರ ಹೊತ್ತಿಗೆ ಕಿಟಕಿಯ ಮೇಲೆ ಬಿಳಿ ಕಾಳುಗಳು ಟಪಟಪನೆ ಬಿದ್ದವು. ಗಾಳಿ ಒಂದೇ, ಅದು ಬಂದ ದಾರಿಯಲ್ಲಿ ನೀರಿತ್ತು.

ತಂದೆಯವರ ಪ್ರಶ್ನೆಗೆ ಉತ್ತರ: ಡಿಸೆಂಬರ್ ಹೊತ್ತಿಗೆ. ಸಿಹಿನೀರು ಅತ್ಯಂತ ಭಾರವಾಗಿರುವುದು 4 ಡಿಗ್ರಿಯಲ್ಲಿ. ಗಾಳಿ ಮೇಲ್ಪದರವನ್ನು ತಣಿಸುತ್ತಾ, ಕಲಕುತ್ತಾ ಹೋದಂತೆ ಬಿಸಿಯ ಪದರ ದಪ್ಪವಾಗುತ್ತಾ ಅದರ ಬಿಸಿ ಕಡಿಮೆಯಾಗುತ್ತದೆ, ಕೊನೆಗೆ ಮೇಲಿನ ನೀರೂ 4 ಡಿಗ್ರಿಗೆ ಬಂದಾಗ ಮೇಲೂ ಕೆಳಗೂ ಒಂದೇ ಭಾರವಾಗಿ, ಸರೋವರ ತಳದವರೆಗೆ ಮಗುಚಿಕೊಳ್ಳುತ್ತದೆ. ಅದಾದ ಮೇಲೆ ಇನ್ನೂ ತಣಿದ ನೀರು ಹಗುರವಾಗಿ ಮೇಲೆಯೇ ನಿಂತು ಹೆಪ್ಪುಗಟ್ಟಲು ಸಿದ್ಧವಾಗುತ್ತದೆ. ಮಂಜುಗಡ್ಡೆ ಅತಿ ಹೆಚ್ಚಾಗುವುದು ಫೆಬ್ರವರಿ ಕೊನೆ ಅಥವಾ ಮಾರ್ಚ್‌ನಲ್ಲಿ, ಪೂರ್ತಿ ಮುಚ್ಚುವ ವರ್ಷಗಳು ಅಪರೂಪ.

ತೋಟದಾಕೆ, ಹರ್ಮನ್‌ಟೌನ್ — ಅಕ್ಟೋಬರ್ 1

ಮಲೆನಾಡಿಗರೇ, ನೀವು ಟೋಫ್ಟಿಯಲ್ಲಿದ್ದ ಆ ರಾತ್ರಿ ನಮ್ಮ ಹಿತ್ತಿಲಿಗೂ ಫ್ರಾಸ್ಟ್ ಬಿತ್ತು. ಸೀರೆ ಹೊದಿಸಿದ್ದ ಮೆಣಸಿನ ಗಿಡಗಳು ಉಳಿದಿವೆ, ದಂಟು ಹೋಯಿತು. ಕೆಳಗೆ ಪಾರ್ಕ್ ಪಾಯಿಂಟ್‌ನ ಗೆಳತಿ ನಿನ್ನೆಯೂ ಟೊಮೆಟೊ ಕಿತ್ತಿದ್ದಾಳೆ. ನಿಮ್ಮ ತಾಯಿಯವರಿಗೆ ಬೇಕೆಂದಿದ್ದ ಹೀರೆಯ ಬೀಜವನ್ನು ಒಣಗಲು ಇಟ್ಟಿದ್ದೇನೆ, ಅವರು ಹೊರಡುವ ಮುಂಚೆ ಅಂಚೆಯಲ್ಲಿ ಕಳುಹಿಸುತ್ತೇನೆ.